5600ಎಕ್ಸ್ ಓವರ್‌ಕ್ಲಾಕ್: ಶೀಟ್ ರೂಮಿನಲ್ಲಿ 96 ಡಿಗ್ರಿ ಮುಟ್ಟುತ್ತಿದೆ. ಕೂಲರ್ ಬದಲಿಸಲಾ?

ಶೀಟ್_ರೂಮ್_ಗೇಮರ್ · ಏಪ್ರಿಲ್ 11, ಮಧ್ಯಾಹ್ನ 3:40

ಎಲ್ಲರಿಗೂ ನಮಸ್ಕಾರ. ಮನೆ ಬೆಂಗಳೂರಿನ ಕಾಮಾಕ್ಷಿಪಾಳ್ಯ. ನನ್ನ ರೂಮು ಮೂರನೇ ಮಹಡಿ ಮೇಲೆ, ತಲೆ ಮೇಲೆ ಸಿಮೆಂಟ್ ಶೀಟು. ಇರೋದು ಎಎಂಡಿ ರೈಜೆನ್ 5 5600ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡು, ಒಂದು ಫ್ಯಾನಿನ ಟವರ್ ಕೂಲರ್. ಡಿಸೆಂಬರ್‌ನಲ್ಲಿ ಯಾವುದೋ ವಿಡಿಯೋ ನೋಡಿ ಓವರ್‌ಕ್ಲಾಕ್ ಮಾಡಿದೆ, ಅಂದರೆ ಕಂಪನಿ ಕೊಟ್ಟ ವೇಗಕ್ಕಿಂತ ಮೇಲೆ, ಆರೂ ಕೋರನ್ನು 4.7 ಗಿಗಾಹರ್ಟ್ಸ್‌ಗೆ ಏರಿಸಿ, ವೋಲ್ಟೇಜ್ 1.35ಕ್ಕೆ ಫಿಕ್ಸ್ ಮಾಡಿದ್ದೆ. ಆಗ ಸಿನೆಬೆಂಚ್ ಅನ್ನೋ ಭಾರದ ಟೆಸ್ಟ್ ಓಡಿಸಿದರೆ 82 ಡಿಗ್ರಿ ಬರುತ್ತಿತ್ತು. ಪರವಾಗಿಲ್ಲ ಅಂತ ಬಿಟ್ಟುಬಿಟ್ಟೆ.

ಈಗ ಅದೇ ಸೆಟ್ಟಿಂಗ್‌ನಲ್ಲಿ 96. ನಿನ್ನೆ ಆರನೇ ನಿಮಿಷಕ್ಕೆ ಸ್ಕ್ರೀನ್ ಕಪ್ಪಾಗಿ ರೀಸ್ಟಾರ್ಟ್ ಆಯಿತು. ಏನೂ ಮಾಡದೆ ಸುಮ್ನೆ ಇದ್ದರೂ 55 ತೋರಿಸುತ್ತೆ. ಎಷ್ಟು ಡಿಗ್ರಿವರೆಗೆ ಸೇಫ್ ಅಂತ ಯಾರಾದರೂ ಒಂದೇ ನಂಬರ್ ಹೇಳಿಬಿಡಿ. ಭಾನುವಾರ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ 240 ಎಂಎಂ ಲಿಕ್ವಿಡ್ ಕೂಲರ್ ತರೋಣ ಅಂತ ದುಡ್ಡು ಎತ್ತಿಟ್ಟಿದ್ದೀನಿ.

ಕೆಂಗೇರಿ_ಗೇಟ್ · ಏಪ್ರಿಲ್ 11, ಮಧ್ಯಾಹ್ನ 3:52

ತಲೆ ಕೆಡಿಸ್ಕೋಬೇಡ ಗುರು. ನಂದು 7600ಎಕ್ಸ್. ರೆಂಡರ್ ಹಾಕಿದರೆ 95ಕ್ಕೆ ಹೋಗಿ ಅಲ್ಲೇ ಕೂರುತ್ತೆ. ಎರಡು ವರ್ಷ ಆಯ್ತು, ಏನೂ ಆಗಿಲ್ಲ.

ಹಳೇ_ಪೆಂಟಿಯಂ · ಏಪ್ರಿಲ್ 11, ಸಂಜೆ 5:15

ಪ್ರೊಸೆಸರ್ ಡಿಗ್ರಿ ಹೇಳಿದ್ರಿ, ರೂಮಿನ ಡಿಗ್ರಿ ಹೇಳಲೇ ಇಲ್ಲವಲ್ಲ! ಡಿಸೆಂಬರ್ ಟೆಸ್ಟ್ ಎಷ್ಟು ಹೊತ್ತಿಗೆ ಮಾಡಿದ್ದು, ನಿನ್ನೆಯದು ಎಷ್ಟು ಹೊತ್ತಿಗೆ? ಕ್ಯಾಬಿನೆಟ್ ಎಲ್ಲಿಟ್ಟಿದ್ದೀರಿ? ಟೇಬಲ್ ಮೇಲಾ, ಕೆಳಗಾ, ಗೋಡೆಗೆ ಒತ್ತಿಕೊಂಡಾ?

ಲಿಕ್ವಿಡ್ ಕೂಲರ್ ತರುವ ಮೊದಲು ಗೋಡೆಗೆ ನೇತು ಹಾಕುವ ಒಂದು ಥರ್ಮಾಮೀಟರ್ ತನ್ನಿ. ಅದನ್ನು ಗೋಡೆಗೆ ಹಾಕಬೇಡಿ. ಗಾಳಿ ಒಳಗೆ ಎಳೆಯುವ ಫ್ಯಾನಿನ ಮುಂದೆ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ.

ಸೋಲ್ಡರ್_ವಾಸನೆ · ಏಪ್ರಿಲ್ 11, ರಾತ್ರಿ 9:30

ಒಂದೇ ನಂಬರ್ ಕೇಳಿದ್ದೀರಿ. ಹಾಗೆ ಹೇಳೋಕೆ ಆಗಲ್ಲ, ಯಾಕಂದ್ರೆ ಒಂದೊಂದು ಪ್ರೊಸೆಸರ್‌ಗೆ ಕಂಪನಿ ಒಂದೊಂದು ಮಿತಿ ಬರೆದಿರುತ್ತೆ. ನಿಮ್ಮ 5600ಎಕ್ಸ್‌ಗೆ ಎಎಂಡಿ ಕೊಟ್ಟಿರೋದು 95 ಡಿಗ್ರಿ. ಅದೇ ಸಾಲಿನ 5800ಎಕ್ಸ್‌ಗೆ 90. 7800ಎಕ್ಸ್3ಡಿಗೆ 89. ಇಂಟೆಲ್‌ನ 12600ಕೆ, 13700ಕೆ ಎಲ್ಲಾ 100ರ ಲೆಕ್ಕ. ಕೆಂಗೇರಿ ಅವರ 7600ಎಕ್ಸ್ 95ಕ್ಕೆ ಹೋಗಿ ಕೂರೋದು ನಿಜ. ಆ ಸಾಲನ್ನು ಮಾಡಿರೋದೇ ಹಾಗೆ. ಕೂಲರ್ ಎಷ್ಟು ಬಿಸಿ ಎಳೆಯುತ್ತೋ ಅಷ್ಟಕ್ಕೆ ವೇಗ ಹೊಂದಿಸಿಕೊಂಡು 95ರಲ್ಲಿ ನಿಲ್ಲುತ್ತೆ. ಆದರೆ ಆ ಮಾತನ್ನು ತಂದು ನಿಮ್ಮ 5600ಎಕ್ಸ್‌ಗೆ ಅಂಟಿಸಿದರೆ ತಪ್ಪು. ನೀವು ವೇಗ, ವೋಲ್ಟೇಜ್ ಎರಡನ್ನೂ ಕೈಯಾರೆ ಫಿಕ್ಸ್ ಮಾಡಿದ್ದೀರಿ. ಹಾಗಾಗಿ ಅದು ತಾನಾಗಿ ಹೊಂದಿಸಿಕೊಳ್ಳುವ ದಾರಿ ಮುಚ್ಚಿಹೋಗಿದೆ.

ಕಂಪನಿ ಬರೆದದ್ದು ಮುಟ್ಟಬಾರದ ಗೆರೆ, ದಿನಾ ಇರಬೇಕಾದ ಜಾಗ ಅಲ್ಲ. ನನ್ನ ಲೆಕ್ಕ ಹೀಗೆ: ಓವರ್‌ಕ್ಲಾಕ್ ಮಾಡಿದ ಮೇಲೆ, ಬೇಸಿಗೆ ಮಧ್ಯಾಹ್ನ, ಅತಿ ಭಾರದ ಟೆಸ್ಟ್‌ನಲ್ಲೂ ಆ ಗೆರೆಗಿಂತ 10 ಡಿಗ್ರಿ ಕೆಳಗೆ ಇರಬೇಕು. ಗೇಮ್ ಆಡುವಾಗ 75ರ ಆಸುಪಾಸು ಇದ್ದರೆ ಆ ಕಡೆ ನೋಡೋದನ್ನೇ ಬಿಡ್ತೀನಿ. ಇದು ನನ್ನ ಅಭ್ಯಾಸ ಅಷ್ಟೇ, ಶಾಸ್ತ್ರ ಅಲ್ಲ.

ಇನ್ನೊಂದು ಮಾತು. ಅಂಗಡಿಯಲ್ಲಿ ಇಡೀ ಡಬ್ಬಾನೇ ಸಿಪಿಯು ಅಂತಾರೆ. ಇಲ್ಲಿ ನಾನು ಹೇಳ್ತಿರೋದು ಒಳಗಿನ ಚಿಪ್ಪಿನ ಬಿಸಿ. ಎಚ್‌ಡಬ್ಲ್ಯು ಇನ್ಫೋ ಅನ್ನೋ ಡಿಗ್ರಿ ತೋರಿಸುವ ಪ್ರೋಗ್ರಾಂನಲ್ಲಿ ಹತ್ತು ಥರದ ಡಿಗ್ರಿ ಕಾಣುತ್ತೆ. ನೀವು ಸಿಪಿಯು ಟಿಡೈ ಅನ್ನೋ ಸಾಲನ್ನು ನೋಡಿ, ಬೋರ್ಡಿನ ಸಾಲನ್ನಲ್ಲ.

ಶೀಟ್_ರೂಮ್_ಗೇಮರ್ · ಏಪ್ರಿಲ್ 12, ಮಧ್ಯಾಹ್ನ 2:50

ಥರ್ಮಾಮೀಟರ್ ತಂದೆ. ರೂಮಿನ ಮಧ್ಯೆ 37 ಡಿಗ್ರಿ. ಕ್ಯಾಬಿನೆಟ್ ಮುಂದೆ 41!! ಕ್ಯಾಬಿನೆಟ್ ಇರೋದು ಟೇಬಲ್ ಕೆಳಗಿನ ಮರದ ಗೂಡಿನಲ್ಲಿ. ಹಿಂದೆ ಹಲಗೆ ಮುಚ್ಚಿದೆ, ವೈರಿಗೆ ಒಂದು ತೂತು ಅಷ್ಟೇ.

ಡಿಸೆಂಬರ್ ಟೆಸ್ಟ್ ರಾತ್ರಿ ಹನ್ನೊಂದರ ಮೇಲೆ ಮಾಡಿದ್ದು ಸರ್. ಸ್ವೆಟರ್ ಹಾಕಿಕೊಂಡು ಕೂತಿದ್ದೆ, ಚೆನ್ನಾಗಿ ನೆನಪಿದೆ.

ಹಳೇ_ಪೆಂಟಿಯಂ · ಏಪ್ರಿಲ್ 12, ಮಧ್ಯಾಹ್ನ 3:30

ಸ್ವೆಟರ್ ಅಂದರೆ ರೂಮು 22–23 ಅಂತ ಇಟ್ಟುಕೊಳ್ಳೋಣ. 82ರಲ್ಲಿ 23 ಕಳೆದರೆ 59. ಈಗ 96ರಲ್ಲಿ 37 ಕಳೆಯಿರಿ. ಅದೂ 59!

ಅಂದರೆ ನಾಲ್ಕು ತಿಂಗಳಲ್ಲಿ ನಿಮ್ಮ ಕೂಲರ್ ಕೆಟ್ಟಿಲ್ಲ, ಪ್ರೊಸೆಸರ್ ಮತ್ತು ಕೂಲರ್ ಮಧ್ಯೆ ಬಿಸಿ ದಾಟಿಸುವ ಪೇಸ್ಟ್ ಒಣಗಿಲ್ಲ, ಪ್ರೊಸೆಸರ್‌ಗೂ ಏನೂ ಆಗಿಲ್ಲ. ಬದಲಾಗಿದ್ದು ಬೆಂಗಳೂರು. ಗಾಳಿಯ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ, ರೂಮಿನ ಗಾಳಿಗಿಂತ ಪ್ರೊಸೆಸರ್ ಇಷ್ಟು ಡಿಗ್ರಿ ಜಾಸ್ತಿ ಇರುತ್ತೆ ಅಂತ ಮಾತ್ರ ಹೇಳೋಕೆ ಆಗೋದು. ರೂಮು 14 ಏರಿದರೆ ಇದೂ 14 ಏರುತ್ತೆ. ನಮ್ಮೂರು ತಂಪು ಅಂತ ನಂಬಿಕೊಂಡು ಡಿಸೆಂಬರ್ ರಾತ್ರಿ ಸೆಟ್ಟಿಂಗ್ ಕೂರಿಸುವವರೆಲ್ಲ ಏಪ್ರಿಲ್‌ನಲ್ಲಿ ಸಿಕ್ಕಿಹಾಕಿಕೊಳ್ಳೋದು ಹೀಗೇ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅದು ನೆರಳಿನ ಲೆಕ್ಕ. ಶೀಟಿನ ಕೆಳಗಿನ ರೂಮಿನ ಕಥೆ ನಿಮಗೇ ಗೊತ್ತು.

ಆದರೆ 59 ಅನ್ನೋದೂ ನನಗೆ ಜಾಸ್ತಿ ಅನ್ನಿಸುತ್ತೆ. ಟೆಸ್ಟ್ ಮಾಡುವಾಗ ಪ್ರೊಸೆಸರ್ ಎಷ್ಟು ವ್ಯಾಟ್ ತಿನ್ನುತ್ತೆ, ಅದನ್ನೂ ನೋಡಿ ಹಾಕಿ.

ಕದ್ರಿ_ಕಂಬಳ · ಏಪ್ರಿಲ್ 12, ಸಂಜೆ 4:05

ಮಾರಾಯ್ರೆ, 37ಕ್ಕೇ ಇಷ್ಟು ಗಲಾಟೆಯಾ? ಮಂಗಳೂರಿಗೆ ಬನ್ನಿ. ಇಲ್ಲಿಯ ಶೆಕೆಗೆ ನಿಮ್ಮ ಕೂಲರ್ ಎರಡು ದಿನ ತಡೆಯುವುದಿಲ್ಲ.

ಸೋಲ್ಡರ್_ವಾಸನೆ · ಏಪ್ರಿಲ್ 12, ಸಂಜೆ 4:40

@ಕದ್ರಿ_ಕಂಬಳ ಶೆಕೆ ಕಾಡೋದು ನಮಗೆ, ಹೀಟ್‌ಸಿಂಕ್‌ಗೆ ಅಲ್ಲ. ಬೆವರು ಆರದಿದ್ದರೆ ನಮ್ಮ ಮೈ ತಣ್ಣಗಾಗಲ್ಲ. ಅಲ್ಯೂಮಿನಿಯಂ ಬೆವರುತ್ತಾ? ಗಾಳಿ ಎಷ್ಟು ಬಿಸಿ ಇದೆ ಅನ್ನೋದಷ್ಟೇ ಅದಕ್ಕೆ ಬೇಕು. ನಿಮ್ಮಲ್ಲಿ 33 ಡಿಗ್ರಿ ಇದ್ದರೆ ನಿಮ್ಮ ಪ್ರೊಸೆಸರ್ ನಮ್ಮದಕ್ಕಿಂತ ಸುಖವಾಗಿದೆ.

ಇನ್ನೂ ಒಂದು ವಿಷಯದಲ್ಲಿ ನೀವು ಅದೃಷ್ಟವಂತರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು. ಫ್ಯಾನ್ ಅಷ್ಟೇ ಸುತ್ತಿದರೂ ಹೊತ್ತುಕೊಂಡು ಹೋಗುವ ಬಿಸಿ ಸ್ವಲ್ಪ ಕಮ್ಮಿ. ದೊಡ್ಡ ವ್ಯತ್ಯಾಸ ಏನಲ್ಲ, ಆದರೆ ಬೇರೆ ದೇಶದ ರಿವ್ಯೂನಲ್ಲಿ 21 ಡಿಗ್ರಿ ರೂಮಿನಲ್ಲಿ ತೆಗೆದ ನಂಬರ್ ನೋಡಿ ಕೂಲರ್ ಕೊಳ್ಳುವಾಗ ಇವೆರಡನ್ನೂ ಸೇರಿಸಿಕೊಳ್ಳಿ.

ಕದ್ರಿ_ಕಂಬಳ · ಏಪ್ರಿಲ್ 12, ಸಂಜೆ 4:48

ಸರಿ ಸರ್, ಒಪ್ಪಿದೆ. ಆದರೆ ನಮ್ಮಲ್ಲಿ ಸ್ಕ್ರೂ ತುಕ್ಕು ಹಿಡಿಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸೋಲ್ಡರ್_ವಾಸನೆ · ಏಪ್ರಿಲ್ 12, ಸಂಜೆ 4:50

ಸರ್ ಅಲ್ಲ, ಮೇಡಂ. ತುಕ್ಕಿನ ಮಾತು ಮಾತ್ರ ಪೂರ್ತಿ ಒಪ್ಪಿದೆ.

ಜೆಪಿನಗರ_6ನೇ_ಫೇಸ್ · ಏಪ್ರಿಲ್ 12, ಸಂಜೆ 6:20

ನಮ್ಮ ಮನೆಯಲ್ಲಿ ನೀರು ಹಾಕುವ ಏರ್ ಕೂಲರ್ ಇದೆ. ಸೈಡ್ ಪ್ಯಾನೆಲ್ ತೆಗೆದು ಅದನ್ನೇ ಕ್ಯಾಬಿನೆಟ್ ಕಡೆ ತಿರುಗಿಸಿದರೆ ಹೇಗೆ? ಸೀರಿಯಸ್ ಆಗಿ ಕೇಳ್ತಿದ್ದೀನಿ.

ಹಳೇ_ಪೆಂಟಿಯಂ · ಏಪ್ರಿಲ್ 12, ಸಂಜೆ 6:45

ಬೇಡ ಸ್ವಾಮಿ. ಅದು ತೇವದ ಗಾಳಿ ಜೊತೆಗೆ ಒಮ್ಮೊಮ್ಮೆ ಹನಿಯನ್ನೂ ಉಗುಳುತ್ತೆ. ಬೋರ್‌ವೆಲ್ ನೀರಿನ ಉಪ್ಪು ಮದರ್‌ಬೋರ್ಡ್ ಮೇಲೆ ಕೂತರೆ ಆಮೇಲೆ ಕಷ್ಟ. ರೂಮಿನ ಆ ಮೂಲೆಯಲ್ಲಿ ಇಟ್ಟು, ಕಿಟಕಿ ತೆರೆದು ರೂಮು ತಂಪು ಮಾಡಿಕೊಳ್ಳಿ, ಸಾಕು.

ಶೀಟ್_ರೂಮ್_ಗೇಮರ್ · ಏಪ್ರಿಲ್ 12, ರಾತ್ರಿ 10:10

ನೋಡಿದೆ ಸರ್. ಸಿನೆಬೆಂಚ್‌ನಲ್ಲಿ 105 ವ್ಯಾಟ್ ತೋರಿಸುತ್ತೆ. ಡಬ್ಬದ ಮೇಲೆ 65 ವ್ಯಾಟ್ ಅಂತ ಇದೆಯಲ್ಲ, ಯಾಕೆ ಹೀಗೆ?

ಮತ್ತೆ ಕ್ಯಾಬಿನೆಟನ್ನು ಗೂಡಿನಿಂದ ಹೊರಗೆ ಎಳೆದು ನೆಲದ ಮೇಲೆ ಎರಡು ಇಟ್ಟಿಗೆ ಹಾಕಿ ಇಟ್ಟೆ. ಅಷ್ಟಕ್ಕೇ 92!

ಹಳೇ_ಪೆಂಟಿಯಂ · ಏಪ್ರಿಲ್ 13, ಬೆಳಿಗ್ಗೆ 7:05

ನೋಡಿ, ಇಟ್ಟಿಗೆಯ ಖರ್ಚಿನಲ್ಲಿ ನಾಲ್ಕು ಡಿಗ್ರಿ ಇಳಿಯಿತು.

65 ವ್ಯಾಟ್ ಅನ್ನೋದು ಕೂಲರ್ ಆರಿಸೋಕೆ ಕಂಪನಿ ಕೊಡುವ ಲೆಕ್ಕ. ಸ್ಟಾಕ್, ಅಂದರೆ ಕಂಪನಿ ಕೊಟ್ಟ ಸೆಟ್ಟಿಂಗ್‌ನಲ್ಲಿ 5600ಎಕ್ಸ್ 76 ವ್ಯಾಟ್‌ವರೆಗೆ ಎಳೆಯುತ್ತೆ, ಅದಕ್ಕಿಂತ ಮೇಲೆ ಹೋಗದ ಹಾಗೆ ತಾನೇ ತಡೆದುಕೊಳ್ಳುತ್ತೆ. ನೀವು ಫಿಕ್ಸ್ ಮಾಡಿದಾಗ ಆ ತಡೆ ಹೋಯಿತು. ಈಗ ಲೆಕ್ಕ ನೋಡಿ. ವೇಗ ಏರಿದಷ್ಟೇ ಬಿಸಿ ಏರುತ್ತೆ, ಅದು ಸರಿ. ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತೆ. ಎಲ್ಲಾ ಕೋರೂ ದುಡಿಯುವಾಗ ಸ್ಟಾಕ್‌ನಲ್ಲಿ 4.4 ಗಿಗಾಹರ್ಟ್ಸ್, 1.2 ವೋಲ್ಟ್ ಇತ್ತು ಅಂತ ಇಟ್ಟುಕೊಳ್ಳಿ. 4.7 ಅಂದರೆ ವೇಗ 7% ಹೆಚ್ಚು. 1.2ರಿಂದ 1.35ಕ್ಕೆ ಹೋದರೆ ಬರೀ ವೋಲ್ಟೇಜಿನಿಂದಲೇ 27% ಹೆಚ್ಚು. ಎರಡೂ ಗುಣಿಸಿದರೆ 35%. 76ಕ್ಕೆ 35% ಸೇರಿಸಿ, ನಿಮ್ಮ 105ರ ಹತ್ತಿರ ಬಂದು ನಿಲ್ಲುತ್ತೆ. ಈ ಬಿಸಿಯೆಲ್ಲ ಹೊರಗೆ ಬರಬೇಕಾದ್ದು ಸುಮಾರು 80 ಚದರ ಮಿಲಿಮೀಟರಿನ ಒಂದು ಚೂರು ಸಿಲಿಕಾನ್‌ನಿಂದ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಆ ಚೂರಿನಿಂದ ಮೇಲಿನ ಮುಚ್ಚಳದವರೆಗಿನ ದಾರಿ ಅಗಲ ಆಗಲ್ಲ.

ಇಷ್ಟೆಲ್ಲ ಮಾಡಿ ಸಿಗೋದೇನು? ಸ್ಟಾಕ್‌ನಲ್ಲೇ ಅದು ಒಂದೆರಡು ಕೋರಿನ ಕೆಲಸಕ್ಕೆ 4.6ಕ್ಕೆ ಹೋಗುತ್ತೆ. ಗೇಮ್‌ಗೆ ಬೇಕಾಗೋದು ಹೆಚ್ಚಾಗಿ ಅದೇ. ನೂರು ಮೆಗಾಹರ್ಟ್ಸ್‌ಗೋಸ್ಕರ ಮೂರನೇ ಒಂದು ಪಾಲು ಹೆಚ್ಚು ಬಿಸಿ. 1998ರ ಸೆಲೆರಾನ್ 300ಎ ಪ್ರೊಸೆಸರ್ ನೋಡಿದವನು ನಾನು. ಬಸ್ (ಬೋರ್ಡಿನ ಡೇಟಾ ದಾರಿ) ವೇಗ 66ರಿಂದ 100ಕ್ಕೆ ಬದಲಿಸಿದರೆ 300 ಇದ್ದದ್ದು 450 ಆಗುತ್ತಿತ್ತು. ಅರ್ಧಕ್ಕರ್ಧ ಲಾಭ! ಕ್ಯೂ6600 ಕಾಲದಲ್ಲೂ 2.4 ಇದ್ದದ್ದನ್ನು 3 ಮಾಡಿಕೊಂಡು ವರ್ಷಗಟ್ಟಲೆ ಓಡಿಸಿದೆವು. ಆಗ ಕಂಪನಿಗಳು ಚಿಪ್ಪಿನಲ್ಲಿ ಜಾಗ ಬಿಡುತ್ತಿದ್ದವು. ಈಗ ಆ ಜಾಗವನ್ನೆಲ್ಲ ಅವರೇ ಹಿಂಡಿಕೊಂಡು ಡಬ್ಬಕ್ಕೆ ಹಾಕಿ ಕೊಡ್ತಾರೆ. ಒಣಗಿದ ನಿಂಬೆಹಣ್ಣು ಅದು, ಇನ್ನೆಷ್ಟು ಹಿಂಡ್ತೀರಿ?

ಕೆಂಗೇರಿ_ಗೇಟ್ · ಏಪ್ರಿಲ್ 13, ಬೆಳಿಗ್ಗೆ 8:20

ಹಂಗಂದ್ರೆ ಓವರ್‌ಕ್ಲಾಕೇ ಮಾಡಬಾರದಾ? ಮಜಾ ಅಂತ ಒಂದು ಇರುತ್ತೆ ಅಲ್ವಾ ಅಣ್ಣಾ.

ಹಳೇ_ಪೆಂಟಿಯಂ · ಏಪ್ರಿಲ್ 13, ಬೆಳಿಗ್ಗೆ 8:31

ಮಜಾಕ್ಕೆ ಮಾಡಿ, ನಾನೂ ಮಾಡ್ತೀನಿ. ಸ್ಕೋರ್ ತೆಗೆದು, ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಸಂಜೆಗೆ ವಾಪಸ್ ಸ್ಟಾಕ್‌ಗೆ ತನ್ನಿ. ದಿನಾ 1.35ರಲ್ಲಿ ಬೇಯಿಸೋದು ಯಾಕೆ?

ಇಂದಿರಾನಗರ_ರೆಂಡರ್ · ಏಪ್ರಿಲ್ 13, ಬೆಳಿಗ್ಗೆ 11:40

ನಾನು 280ರ ಲಿಕ್ವಿಡ್ ಕೂಲರ್ ಬಳಸ್ತೀನಿ, ಅದರ ಪರವಾಗಿ ಎರಡು ಮಾತು. 13700ಕೆ ಥರದ 253 ವ್ಯಾಟ್‌ವರೆಗೆ ಎಳೆಯುವ ಪ್ರೊಸೆಸರ್‌ಗೆ ಇದು ಬೇಕೇ ಬೇಕು. ಒಂದು ಫ್ಯಾನಿನ ಟವರ್ ಅಲ್ಲಿ ಕೈ ಎತ್ತಿಬಿಡುತ್ತೆ. ಆದರೆ 5600ಎಕ್ಸ್‌ಗೆ ಇಷ್ಟು ದುಡ್ಡು ದಂಡ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಐದು ನಿಮಿಷದ ಟೆಸ್ಟ್ ನೋಡಿ ಕುಣಿಯಬೇಡಿ. ಒಳಗಿನ ನೀರು ಬಿಸಿಯಾಗೋಕೆ ಇಪ್ಪತ್ತು–ಮೂವತ್ತು ನಿಮಿಷ ಬೇಕು. ಅಲ್ಲಿವರೆಗೆ ಚೆನ್ನಾಗೇ ಕಾಣುತ್ತೆ. ಪಂಪ್ ಯಾವತ್ತೂ ರೇಡಿಯೇಟರಿನ ಮೇಲ್ತುದಿಗಿಂತ ಕೆಳಗೆ ಇರಬೇಕು. ಇಲ್ಲದಿದ್ದರೆ ಗಾಳಿಗುಳ್ಳೆಯೆಲ್ಲ ಪಂಪಿಗೆ ಬಂದು ಗುಳುಗುಳು ಸದ್ದು ಮಾಡುತ್ತೆ, ಪಂಪ್ ಬೇಗ ಸಾಯುತ್ತೆ. ನನ್ನ ಮೊದಲನೇದು ಹೀಗೇ ನಾಲ್ಕನೇ ವರ್ಷಕ್ಕೆ ಹೋಯಿತು. ಫ್ಯಾನು ತಿರುಗ್ತಾನೇ ಇತ್ತು, ದೀಪ ಉರೀತಾನೇ ಇತ್ತು, ಪ್ರೊಸೆಸರ್ ಮಾತ್ರ ಒಂದೇ ನಿಮಿಷಕ್ಕೆ ನೂರು. ಟವರ್ ಕೂಲರ್‌ನಲ್ಲಿ ಫ್ಯಾನ್ ಕೆಟ್ಟರೆ ಆ ಫ್ಯಾನ್ ಒಂದನ್ನು ಬದಲಿಸಿದರೆ ಮುಗೀತು.

ಬಿಟಿಎಂ_ಪಿಜಿ_204 · ಏಪ್ರಿಲ್ 13, ಮಧ್ಯಾಹ್ನ 12:15

ನಡುವೆ ಬಂದೆ, ಕ್ಷಮಿಸಿ. ನನ್ನ ಗೇಮಿಂಗ್ ಲ್ಯಾಪ್‌ಟಾಪ್ 95 ತೋರಿಸುತ್ತೆ. ಹಾಸಿಗೆ ಮೇಲಿಟ್ಟು ಆಡ್ತೀನಿ. ತೊಂದರೆನಾ?

ಸೋಲ್ಡರ್_ವಾಸನೆ · ಏಪ್ರಿಲ್ 13, ಮಧ್ಯಾಹ್ನ 12:30

ಲ್ಯಾಪ್‌ಟಾಪ್ 95 ಮುಟ್ಟೋದು ಸಾಮಾನ್ಯ. ಆದರೆ ಅದು ಗಾಳಿ ಎಳೆಯೋದು ಕೆಳಗಿನಿಂದ, ನೀವು ಅದರ ಮೂಗಿಗೆ ಹಾಸಿಗೆ ಒತ್ತಿದ್ದೀರಿ. ಒಂದು ಊಟದ ತಟ್ಟೆಯನ್ನಾದರೂ ಅಡಿಗಿಡಿ, ಹಿಂಭಾಗ ಸ್ವಲ್ಪ ಎತ್ತಿ. ಮಿಕ್ಕಿದ್ದನ್ನು ಬೇರೆ ಪೋಸ್ಟ್ ಹಾಕಿ ಕೇಳಿ.

ಶೀಟ್_ರೂಮ್ ಅವರೇ, ಕೂಲರ್ ಒಮ್ಮೆ ಬಿಚ್ಚಿ ನೋಡಿ. ಆದರೆ ಬಿಚ್ಚುವ ಮುಂಚೆ ಹತ್ತು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ ಪೇಸ್ಟ್ ಬೆಚ್ಚಗೆ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಚಿ. ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತೆ. ನಿಮ್ಮ ಎಎಂ4 ಸಾಕೆಟ್ ಬೋರ್ಡಿನಲ್ಲಿ ಪಿನ್ನೆಲ್ಲ ಪ್ರೊಸೆಸರ್‌ನಲ್ಲೇ ಇರೋದು, 1331 ಪಿನ್ನು. ಒಂದು ಬಾಗಿದರೂ ಬ್ಲೇಡ್ ಹಿಡಿದು ಕೂರಬೇಕಾಗುತ್ತೆ. ನನ್ನ ಬೆಂಚಿಗೆ ತಿಂಗಳಿಗೆ ಒಂದಾದರೂ ಹಾಗೆ ಬರುತ್ತೆ.

ಶೀಟ್_ರೂಮ್_ಗೇಮರ್ · ಏಪ್ರಿಲ್ 13, ರಾತ್ರಿ 9:55

ಬಿಚ್ಚಿದೆ. ನೀವು ಹೇಳಿದ ಹಾಗೇ ತಿರುಚಿದೆ, ಪ್ರೊಸೆಸರ್ ಅಲ್ಲೇ ಉಳಿಯಿತು. ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ.

ನೋಡಿದ್ದನ್ನು ಹಾಗೇ ಬರೀತೀನಿ. ಪ್ರೊಸೆಸರ್ ಮೇಲಿನ ಪೇಸ್ಟ್ ಒಂದು ಕಡೆ ತೆಳ್ಳಗೆ, ಕೆಳಗಿನ ಅಕ್ಷರ ಕಾಣುವಷ್ಟು ಒತ್ತಿಹೋಗಿದೆ. ಇನ್ನೊಂದು ಕಡೆ, ಮೆಮೊರಿ ಸ್ಲಾಟ್ ಇರುವ ಕಡೆ, ದಪ್ಪ. ಬೆಣ್ಣೆ ಹಚ್ಚಿದ ಹಾಗೆ, ಮುಟ್ಟಿದರೆ ಬೆರಳಿನ ಗುರುತು ಬೀಳುತ್ತೆ. ಕೂಲರ್ ತಳದಲ್ಲೂ ಹಾಗೇ. ಸ್ಕ್ರೂ ನೋಡಿದರೆ ಒಂದು ಪೂರ್ತಿ ಬಿಗಿ, ಇನ್ನೊಂದು ಮೂರು ಸುತ್ತು ಇನ್ನೂ ಬಾಕಿ! ಜೋಡಿಸಿದ್ದು ನಾನೇ, ಬೇರೆಯವರನ್ನು ಬೈಯೋ ಹಾಗಿಲ್ಲ.

ಇನ್ನೊಂದು. ಪಕ್ಕದ ಗೋಡೆಯ ಗೂಡಿನಲ್ಲಿ ಅಮ್ಮ ದೇವರ ಫೋಟೋ ಇಟ್ಟಿದ್ದಾರೆ, ದಿನಾ ಊದುಬತ್ತಿ. ಕೂಲರಿನ ರೆಕ್ಕೆಗಳ ಮಧ್ಯೆ ಧೂಳು ಉಣ್ಣೆಯ ಚಾಪೆಯ ಹಾಗೆ ಕೂತಿದೆ. ಒಣ ಧೂಳಲ್ಲ, ಜಿಡ್ಡು. ಬ್ಲೋವರ್ ಹಿಡಿದರೂ ಹೋಗಲಿಲ್ಲ. ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿದ ಮೇಲೆ ಗಂಧದ ವಾಸನೆ ಬಂತು.

ಸೋಲ್ಡರ್_ವಾಸನೆ · ಏಪ್ರಿಲ್ 13, ರಾತ್ರಿ 10:20

ಸಿಕ್ಕಿತಲ್ಲ! ಎರಡು ಸ್ಕ್ರೂ ಇದ್ದರೆ ಒಂದನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬಾರದು. ಇದಕ್ಕೆ ಎರಡು ಸುತ್ತು, ಅದಕ್ಕೆ ಎರಡು ಸುತ್ತು. ಕೊನೆಗೆ ತಾನೇ ನಿಲ್ಲುವವರೆಗೆ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಬೋರ್ಡ್ ತೊಳೆಯೋಕೆ ಅಂತ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತೆ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು, ಮಧ್ಯಕ್ಕೆ. ಸ್ವಲ್ಪ ಜಾಸ್ತಿ ಆದರೂ ನಷ್ಟ ಇಲ್ಲ, ಅಂಚಿನಿಂದ ಹೊರಗೆ ಬರುತ್ತೆ ಅಷ್ಟೇ. ಕಮ್ಮಿ ಆದರೇ ಕಷ್ಟ.

ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ. ಗರಗರ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತೆ.

ಇಂದಿರಾನಗರ_ರೆಂಡರ್ · ಏಪ್ರಿಲ್ 14, ಬೆಳಿಗ್ಗೆ 10:00

ಈ ಚರ್ಚೆ ಓದುವ ಇಂಟೆಲ್ 13, 14ನೇ ತಲೆಮಾರಿನವರಿಗೆ ಒಂದು ಮಾತು. ಡಿಗ್ರಿ ಚೆನ್ನಾಗಿದೆ ಅಂದಮಾತ್ರಕ್ಕೆ ಎಲ್ಲಾ ಚೆನ್ನಾಗಿದೆ ಅಂತ ಅಲ್ಲ. ಆ ಸಾಲಿನ ದೊಡ್ಡ ಪ್ರೊಸೆಸರ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ನಿಧಾನವಾಗಿ ಸವೆಯುತ್ತಿದ್ದವು. 2024ರ ಆಗಸ್ಟ್‌ನಲ್ಲಿ ಇಂಟೆಲ್ 0ಎಕ್ಸ್129 ಅನ್ನೋ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಬಿಟ್ಟು 1.55 ವೋಲ್ಟ್‌ಗೆ ಕಡಿವಾಣ ಹಾಕಿತು, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಬಂತು. ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದೆ ಓವರ್‌ಕ್ಲಾಕ್ ಕಡೆ ಹೋಗಲೇಬೇಡಿ. ಆಗಲೇ ಸವೆದದ್ದನ್ನು ಅಪ್‌ಡೇಟ್ ಸರಿ ಮಾಡಲ್ಲ. ಬಾಕ್ಸ್‌ನಲ್ಲಿ ಬಂದ ಪ್ರೊಸೆಸರ್‌ಗಳಿಗೆ ವಾರಂಟಿ ಎರಡು ವರ್ಷ ಹೆಚ್ಚಿಸಿದ್ದಾರೆ. ಬಿಲ್ ಹುಡುಕಿಟ್ಟುಕೊಳ್ಳಿ.

ಹಳೇ_ಪೆಂಟಿಯಂ · ಏಪ್ರಿಲ್ 14, ಬೆಳಿಗ್ಗೆ 10:45

ಒಳ್ಳೆ ಮಾತು. ಶೀಟ್_ರೂಮ್ ಅವರೇ, ಈಗ ಬಯಾಸ್‌ಗೆ ಹೋಗಿ 4.7, 1.35 ಎರಡನ್ನೂ ಆಟೋಗೆ ತಳ್ಳಿ. ಪಿಬಿಒ (ತಾನಾಗಿ ವೇಗ ಏರಿಸುವ ಎಎಂಡಿ ಸೆಟ್ಟಿಂಗ್) ಒಳಗೆ ಕರ್ವ್ ಆಪ್ಟಿಮೈಸರ್ ಇದೆ, ಎಲ್ಲಾ ಕೋರಿಗೆ ನೆಗೆಟಿವ್ 15 ಕೊಡಿ. ಒಂದೊಂದು ಅಂಕಕ್ಕೆ 3ರಿಂದ 5 ಮಿಲಿವೋಲ್ಟ್ ಕಮ್ಮಿ ಆಗುತ್ತೆ. ಅದೇ ವೇಗಕ್ಕೆ ಕಮ್ಮಿ ವೋಲ್ಟೇಜ್ ಅಂದರೆ, ಅದೇ 76 ವ್ಯಾಟ್‌ನಲ್ಲಿ ಜಾಸ್ತಿ ವೇಗ. ಇದೂ ಓವರ್‌ಕ್ಲಾಕೇ, ಬಾಗಿಲು ಬೇರೆ.

ಇಲ್ಲಿ ಒಂದು ಮೋಸ ಇದೆ. ಇದು ಭಾರದ ಟೆಸ್ಟ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತೆ, ಸುಮ್ನೆ ಬ್ರೌಸರ್ ತೆರೆದಾಗ ಬೀಳುತ್ತೆ. ಒಂದೇ ಕೋರು ಗರಿಷ್ಠ ವೇಗಕ್ಕೆ ಜಿಗಿಯೋದು ಆಗಲೇ. ಕೋರ್‌ಸೈಕ್ಲರ್ ಅಂತ ಒಂದು ಉಚಿತ ಪ್ರೋಗ್ರಾಂ ಇದೆ, ಒಂದೊಂದೇ ಕೋರನ್ನು ಹಿಡಿದು ಪರೀಕ್ಷಿಸುತ್ತೆ. ರಾತ್ರಿ ಹಾಕಿ ಮಲಗಿ. ಯಾವ ಕೋರ್ ಬಿತ್ತೋ ಅದಕ್ಕೆ ಮಾತ್ರ 5 ಅಂಕ ವಾಪಸ್ ಕೊಡಿ.

ಶೀಟ್_ರೂಮ್_ಗೇಮರ್ · ಏಪ್ರಿಲ್ 16, ಮಧ್ಯಾಹ್ನ 3:15

ಬೇಕು ಅಂತಲೇ ಬಿಸಿಲು ಜಾಸ್ತಿ ಇರುವ ಹೊತ್ತಿಗೆ ಟೆಸ್ಟ್ ಮಾಡಿದೆ. ರೂಮು 37.

ಮೊದಲು ಹೊಸ ಪೇಸ್ಟ್, ಎರಡೂ ಸ್ಕ್ರೂ ಬಿಗಿ, ಹಳೇ 4.7 ಸೆಟ್ಟಿಂಗ್: 86. ಆಮೇಲೆ ಆಟೋ, ಕರ್ವ್ ನೆಗೆಟಿವ್ 15: 74. ಅರ್ಧ ಗಂಟೆ ಓಡಿಸಿದರೂ 75 ದಾಟಲಿಲ್ಲ. ಸ್ಕೋರ್ 4.7ರಲ್ಲಿ 11,880 ಇತ್ತು, ಈಗ 11,470. ಗೇಮ್‌ನಲ್ಲಿ 66–68, ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ಅಷ್ಟೇ ಇದೆ, ನನಗಂತೂ ಏನೂ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೇ ಕೋರ್ ರಾತ್ರಿ ಎರಡಕ್ಕೆ ಬಿತ್ತು, ಅದನ್ನು 10ಕ್ಕೆ ಇಳಿಸಿದೆ. ನಿನ್ನೆಯಿಂದ ತೊಂದರೆ ಇಲ್ಲ.

ಲಿಕ್ವಿಡ್ ಕೂಲರ್ ತರಲಿಲ್ಲ. ಒಂದು ಪೇಸ್ಟ್ ಟ್ಯೂಬು, ಹಿಂದಕ್ಕೆ ಒಂದು 120ರ ಫ್ಯಾನು, ಅಷ್ಟೇ. ಉಳಿದ ದುಡ್ಡಿಗೆ ಶೀಟಿನ ಮೇಲೆ ಬಿಳಿ ಪೇಂಟ್ ಹೊಡೆಸೋಣ ಅಂತ ಅಪ್ಪ ಹೇಳ್ತಿದ್ದಾರೆ.

ಕೆಂಗೇರಿ_ಗೇಟ್ · ಏಪ್ರಿಲ್ 16, ಮಧ್ಯಾಹ್ನ 3:28

ಪೇಂಟ್ ಹೊಡೆದ ಮೇಲೆ ರೂಮಿನ ಡಿಗ್ರಿ ಹಾಕು ಗುರು. ನಮ್ಮನೇದೂ ಶೀಟೇ.

ಹಳೇ_ಪೆಂಟಿಯಂ · ಏಪ್ರಿಲ್ 16, ಮಧ್ಯಾಹ್ನ 3:50

ಅಮ್ಮನ ಊದುಬತ್ತಿ ಗೂಡು ಎಲ್ಲಿಗೆ ಹೋಯಿತು, ಅದನ್ನು ಹೇಳಲಿಲ್ಲ?

ಶೀಟ್_ರೂಮ್_ಗೇಮರ್ · ಏಪ್ರಿಲ್ 16, ಮಧ್ಯಾಹ್ನ 3:54

ಅದು ಅಲ್ಲೇ ಇದೆ ಸರ್. ಜಾಗ ಬದಲಿಸಿದ್ದು ಕಂಪ್ಯೂಟರೇ.